ಶರಣ್ಯಾ ಸಾರಿ ಕೇಳಲಿಲ್ಲ

ಬಸವೇಶ್ವರನಗರದ ಪಾರ್ಕಿನಲ್ಲಿ ಅಂದು ಸಂಜೆ ಪಕ್ಕದ ಮನೆಯ ಸಿದ್ಧಾರ್ಥನ ತುಟಿ ಒಡೆದು ರಕ್ತ ಬಂತು. ಜೋಕಾಲಿಯಿಂದ ಅವನನ್ನು ತಳ್ಳಿದವಳು ಒಂಬತ್ತು ವರ್ಷದ ಶರಣ್ಯಾ. ಅವನು ನೆಲದ ಮೇಲೆ ಕೂತು ಅಳುತ್ತಿದ್ದರೆ ಇವಳು ಅದೇ ಜೋಕಾಲಿ ಹತ್ತಿ ಆಡುತ್ತಿದ್ದಳು.

ಶರಣ್ಯಾಳ ತಂದೆ ಕಲ್ಮೇಶನಿಗೆ ಗೋವಿಂದರಾಜನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಸುದ್ದಿ ಕೇಳಿ ಸ್ಕೂಟರ್ ಹತ್ತಿ ಓಡಿ ಬಂದ.

"ಯಾಕಮ್ಮ ತಳ್ಳಿದೆ?"

"ನಂಗೆ ಜೋಕಾಲಿ ಬೇಕಿತ್ತು."

"ಅವನಿಗೆ ರಕ್ತ ಬಂತಲ್ಲ, ಪಾಪ ಅನ್ನಿಸ್ಲಿಲ್ವಾ?"

ಶರಣ್ಯಾ ಸ್ವಲ್ಪ ಯೋಚಿಸಿದಳು. "ಇಲ್ಲ" ಎಂದಳು.

ಸುಳ್ಳಾದರೂ ಹೇಳಬಾರದಿತ್ತೇ ಅನ್ನಿಸಿತು ಕಲ್ಮೇಶನಿಗೆ. ಇದೇನೂ ಮೊದಲ ಸಲವಲ್ಲ. ಶಾಲೆಯಿಂದಲೂ ಹೋದ ವರ್ಷದಿಂದ ಇಂಥದ್ದೇ ದೂರು. ಗದರಿದರೆ ಹೆದರುವುದಿಲ್ಲ. ಟಿವಿ ಬಂದ್ ಮಾಡಿದರೆ ಬೇಜಾರಿಲ್ಲ. ಒಮ್ಮೆ ಕೈ ಎತ್ತಿದಾಗಲೂ ಕಣ್ಣಲ್ಲಿ ನೀರಿಲ್ಲ. ಮಾರ್ಕ್ಸ್ ಕಡಿಮೆ ಬಂದರೂ ಅಷ್ಟೇ, ಜಾಸ್ತಿ ಬಂದರೂ ಅಷ್ಟೇ.

"ಇವಳದ್ದು ಕಲ್ಲು ಮನಸ್ಸು. ಹಾಸ್ಟೆಲ್‌ಗೆ ಹಾಕ್ಬಿಡೋಣ, ಅಲ್ಲಾದ್ರೂ ಬುದ್ಧಿ ಬರುತ್ತೆ" ಎಂದ ಹೆಂಡತಿಗೆ. ಹೆಂಡತಿ ರಕ್ಷಾ ಸೀದಾ ಮೇಲೆ ಹೋಗಿ ಮಹಡಿ ಮನೆಯ ಸೌಂದರ್ಯಾಳನ್ನು ಕರೆತಂದಳು. ಸೌಂದರ್ಯಾ ಒಂದು ಹೈಸ್ಕೂಲಿನಲ್ಲಿ ಮಕ್ಕಳ ಕೌನ್ಸೆಲರ್.

"ಅಣ್ಣ, ಹಾಸ್ಟೆಲ್ ವಿಷ್ಯ ಆಮೇಲೆ. ಮೊದ್ಲು ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ರ ತೋರ್ಸಿ."

"ನನ್ನ ಮಗಳಿಗೇನು ಹುಚ್ಚಾ?"

"ಯಾರಂದ್ರು? ಬೋರ್ಡ್ ಕಾಣ್ಸಲ್ಲ ಅಂದ್ರೆ ಕಣ್ಣು ಟೆಸ್ಟ್ ಮಾಡ್ಸಲ್ವಾ? ಕೆಲವು ಮಕ್ಕಳಿಗೆ ಬೇರೆಯವ್ರ ನೋವು ಬೇಗ ತಟ್ಟಲ್ಲ. ತಪ್ಪು ಮಾಡಿದ್ರೂ ಅಯ್ಯೋ ಅನ್ಸಲ್ಲ. ಅದು ಎಷ್ಟಿದೆ, ಯಾಕಿದೆ ಅಂತ ನೋಡೋಕೆ ದಾರಿ ಇದೆ."

"ಕೆಟ್ಟ ಮಗು ಅಂತ ಹಣೆಗೆ ಚೀಟಿ ಅಂಟಿಸ್ಬಿಟ್ರೆ?"

"ಅದನ್ನ ಈಗ ನೀವೇ ಅಂಟಿಸ್ತಾ ಇದೀರಲ್ಲ ಅಣ್ಣ."

ಮರುದಿನ ಕಲ್ಮೇಶ ಸೌಂದರ್ಯಾಳ ಹತ್ತಿರ ಒಂದು ಕ್ಲಿನಿಕ್‌ನ ವಿಳಾಸ ಬರೆಸಿಕೊಂಡ.

ವಿಜಯನಗರದ ಕ್ಲಿನಿಕ್‌ನಲ್ಲಿ ಮಗಳ ತಲೆಗೆ ವೈರ್ ಹಚ್ಚುತ್ತಾರೆ ಎಂದುಕೊಂಡಿದ್ದ. ಅಂಥದ್ದೇನೂ ಇರಲಿಲ್ಲ, ಬರೀ ಮಾತು. ತಪ್ಪು ಮಾಡಿದರೆ ಒಪ್ಪಿಕೊಳ್ಳುತ್ತಾಳಾ? ಯಾರಾದರೂ ಅತ್ತರೆ ಏನು ಮಾಡುತ್ತಾಳೆ? ಸಂತೋಷ, ದುಃಖ ತೋರಿಸಿಕೊಳ್ಳುತ್ತಾಳಾ? ಅಲ್ಲಿನ ಮನಶ್ಶಾಸ್ತ್ರಜ್ಞೆ ರಕ್ಷಾಳನ್ನು ಬೇರೆ, ಕಲ್ಮೇಶನನ್ನು ಬೇರೆ ಕೂರಿಸಿ ಕೇಳಿದರು. ಮನೆಯಲ್ಲಿ ಕಾಣದ್ದು ಶಾಲೆಯಲ್ಲಿ ಕಾಣಬಹುದೆಂದು ಕ್ಲಾಸ್ ಟೀಚರನ್ನೂ ಕೇಳಿದರು. ಶರಣ್ಯಾಳ ಜೊತೆ ಆಟವಾಡುತ್ತಾ ಮಾತಾಡಿದರು. ಒಳಗಿನ ಭಯ, ಹಳೆಯ ಆಘಾತ, ಆಟಿಸಂ ಕೂಡ ಕೆಲವೊಮ್ಮೆ ಹೊರಗೆ ಹೀಗೆಯೇ ಕಾಣುತ್ತವಂತೆ, ಅದನ್ನೂ ನೋಡಿದರು. ಅವತ್ತೇ ತೀರ್ಪು ಕೊಡದೆ ಮತ್ತೆ ಮತ್ತೆ ಕರೆಸಿಕೊಂಡರು.

ಎಲ್ಲ ಮುಗಿದ ಮೇಲೆ ಆ ಮೇಡಂ ಹೇಳಿದರು: "ಬೇರೆಯವ್ರ ನೋವು ತಟ್ಟದ ಸ್ವಭಾವ ಇವಳಲ್ಲಿ ಸ್ವಲ್ಪ ಜಾಸ್ತಿನೇ ಇದೆ. ಆದ್ರೆ ಬೆಳೆಯೋ ಮಗು, ಬದಲಾಗ್ತಾಳೆ. ಇಂಥ ಮಕ್ಕಳಿಗೆ ಬೈಗುಳ, ಏಟು ಅಷ್ಟಾಗಿ ನಾಟಲ್ಲ. ಪ್ರೀತಿ, ಮೆಚ್ಚುಗೆ ನಾಟುತ್ತೆ. ಒಳ್ಳೇದು ಮಾಡಿದ ತಕ್ಷಣ ಹೊಗಳಿ. ಬೇರೆಯವ್ರ ಮುಖ ನೋಡಿ ಅರ್ಥ ಮಾಡ್ಕೊಳ್ಳೋದು ಕಲಿಸಿ. ಅದ್ಸರಿ, ನೀವು ಮಗಳನ್ನ ಕೊನೇ ಸಲ ಹೊಗಳಿದ್ದು ಯಾವಾಗ?"

ಕಲ್ಮೇಶನಿಗೆ ನೆನಪಾಗಲಿಲ್ಲ. ಅಂಗಡಿಯ ಪಾತ್ರೆಗಳನ್ನು ಬಿಟ್ಟರೆ ಅವನು ಯಾವುದನ್ನೂ ಹೊಗಳಿದವನಲ್ಲ. ಹಾಗಾಗಿ ಅಭ್ಯಾಸಕ್ಕೆ ಇಳಿದ. ಮಾಗಡಿ ರಸ್ತೆ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ, "ಶಭಾಷ್ ಬಂಗಾರ" ಎಂದು ತನಗೆ ತಾನೇ ಹೇಳಿಕೊಂಡ. ಪಕ್ಕದ ಆಟೋದವನು ತಿರುಗಿ, "ಥ್ಯಾಂಕ್ಸ್ ಅಣ್ಣ" ಎಂದ.

ಮನೆಯಲ್ಲಿ ಶರಣ್ಯಾ ತಟ್ಟೆ ಎತ್ತಿಟ್ಟರೆ ಶಭಾಷ್, ಸಿದ್ಧಾರ್ಥನಿಗೆ ಬಾಲ್ ಕೊಟ್ಟರೆ ಅಪ್ಪುಗೆ. "ಅಪ್ಪ ಯಾಕೆ ಹಿಂಗಾಗಿದ್ದಾರೆ?" ಎಂದು ಅವಳು ಅಮ್ಮನನ್ನು ಗುಟ್ಟಾಗಿ ಕೇಳಿದಳು. ಊಟದ ಹೊತ್ತಿಗೆ ಮುಖ ಗುರುತಿಸುವ ಆಟ ಶುರುವಾಯಿತು. ಕಲ್ಮೇಶ ದುಃಖದ ಮುಖ ಮಾಡಿದರೆ "ಹೊಟ್ಟೆ ಹಸಿವು" ಎನ್ನುತ್ತಿದ್ದಳು. ಮೂವರೂ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ನಡುವೆ ಶಾಲೆಯಲ್ಲಿ ಮತ್ತೆ ಜಗಳವಾಯಿತು, ಮತ್ತೆ ಕ್ಲಿನಿಕ್‌ಗೆ ಹೋದರು. ಹಾಸ್ಟೆಲ್ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಒಂದು ಭಾನುವಾರ ಅಂಗಡಿಯಲ್ಲಿ ದೊಡ್ಡ ಇಡ್ಲಿ ಪಾತ್ರೆ ಜಾರಿ ಕಲ್ಮೇಶನ ಕಾಲಿನ ಮೇಲೆ ಬಿತ್ತು. ರಜೆಯೆಂದು ಜೊತೆಗೆ ಬಂದಿದ್ದ ಶರಣ್ಯಾ ಓದುತ್ತಿದ್ದ ಪುಸ್ತಕ ಬಿಟ್ಟು ಬಂದಳು. ಕಾಲು ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

"ನೋವಾಯ್ತಾ ಅಪ್ಪ?"

ಅವಳು ಹಾಗೆ ಕೇಳಿದ್ದು ಅದೇ ಮೊದಲು. ಕೇಳು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕಲ್ಮೇಶನ ಕಣ್ಣು ತುಂಬಿತು, ಮುಖವೆಲ್ಲ ನಗುವಾಯಿತು.

"ತುಂಬಾ ನೋವಾಯ್ತು ಬಂಗಾರ."

ಶರಣ್ಯಾ ಹುಬ್ಬು ಗಂಟಿಕ್ಕಿದಳು. "ಮತ್ಯಾಕೆ ನಗ್ತಾ ಇದೀಯ? ಈ ಮುಖ ನೀನು ನಂಗೆ ಹೇಳ್ಕೊಟ್ಟೇ ಇಲ್ಲ."

ಅಪ್ಪ ಅಮ್ಮಂದಿರೇ, ಟೀಚರುಗಳೇ, ಒಂದು ಜಗಳ ನೋಡಿ ಹೆದರಬೇಡಿ. ಆದರೆ ಮಗು ಇನ್ನೊಬ್ಬರಿಗೆ ನೋವು ಮಾಡಿಯೂ ಮರುಗುವುದಿಲ್ಲ, ಮನೆಯಲ್ಲೂ ಶಾಲೆಯಲ್ಲೂ ತಿಂಗಳುಗಟ್ಟಲೆ ಹೀಗೇ ಇದೆ ಎಂದಾದರೆ ಮಗುವಿಗೆ ಹೆಸರಿಡುವ ಮೊದಲು ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ. ಬೇಗ ತೋರಿಸಿದಷ್ಟೂ ಒಳ್ಳೆಯದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಕೇಳಿ. ಅಷ್ಟರೊಳಗೆ ನಿಮ್ಮ ಮಗು ಇವತ್ತು ಮಾಡಿದ ಒಂದು ಒಳ್ಳೆಯ ಕೆಲಸ ಹುಡುಕಿ, ಬಾಯಿ ತುಂಬ ಹೊಗಳಿ. ಅದಕ್ಕೆ ಯಾವ ಡಾಕ್ಟರ ಅಪ್ಪಣೆಯೂ ಬೇಕಾಗಿಲ್ಲ.