ಗೆಣಸು ಅಗೆಯುವ ಕೋಲು

ಮತ್ತೆ ಮೇಲೇರಿದೆ. ಮತ್ತೆ ಕೆಳಗೆ ಬಿದ್ದೆ. ಕೆಳಗಿದ್ದದ್ದು ಮಣ್ಣಲ್ಲ, ಜಾಜಿಯ ಅಂಗೈ.

"ಗುಂಡಿ ತೆಗಿ ಅಂದ್ರೆ ತೆಗೆದು ಮುಚ್ತೀಯಾ? ತಮಾಷೆನಾ ನನ್ನ ಹತ್ರ?" ಮೇಷ್ಟ್ರು ಕೂಗುತ್ತಿದ್ದರು.

ನಾನು ಒಂದು ಕೋಲು. ದಿಂಡಿಗದ ಮರದಿಂದ ನನ್ನನ್ನು ಕಡಿದು, ತುದಿಯನ್ನು ಕೆಂಡದಲ್ಲಿ ಸುಟ್ಟು ಗಟ್ಟಿ ಮಾಡಿದವಳು ಜಾಜಿಯ ಅಜ್ಜಿ ಬೊಳ್ಳಿ. ಜೇನುಕುರುಬರ ಹಾಡಿಯಲ್ಲಿ ನನ್ನ ಕೆಲಸ ಕಾಡಿನ ನೂರೆಗೆಣಸು ಅಗೆಯುವುದು. ಗೆಣಸು ಕಿತ್ತ ಮೇಲೆ ಬಳ್ಳಿಯ ಬುಡವನ್ನು ಮತ್ತೆ ಹೂತು ಗುಂಡಿ ಮುಚ್ಚಬೇಕು. ತೆರೆದಿಟ್ಟರೆ ನೆಲ ಬಾಯಿ ಬಿಟ್ಟುಕೊಂಡು ಕೂರುತ್ತದೆ, ಯಾರನ್ನಾದರೂ ಬಲಿ ಕೇಳುತ್ತದೆ ಎನ್ನುತ್ತಿದ್ದಳು ಅಜ್ಜಿ.

ಆಮೇಲೆ ಬಿಳಿ ದೊರೆಗಳ ಜನ ಬಂದು ಕಾಡಿನಲ್ಲಿ ಗಡಿಕಲ್ಲು ನೆಟ್ಟರು. ಕಲ್ಲಿನಾಚೆ ತೇಗ ಬೆಳೆಯುತ್ತದೆ, ಅಲ್ಲಿ ಅಗೆದರೆ ಕಳ್ಳತನ ಎಂದರು. ಬೂಟಿನ ಸದ್ದಾದರೆ ಅಜ್ಜಿ ನನ್ನನ್ನು ಮುಚ್ಚಿಕೊಂಡು ನೆಲಕ್ಕೆ ಬೋರಲು ಬೀಳುತ್ತಿದ್ದಳು. ಅವಳ ಎದೆ ನನ್ನನ್ನೇ ಬಡಿಯುತ್ತಿತ್ತು.

ಕಲ್ಲಿನ ಮೇಲೆ ಬರೆದದ್ದನ್ನು ಓದಲು ಹಾಡಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದಕ್ಕೇ ದೊರೆಗಳು ಶಾಲೆ ತೆರೆದಾಗ ಅಜ್ಜಿ ತಾನೇ ಮೊಮ್ಮಗಳನ್ನು ತಂದು ಬಿಟ್ಟಳು. ಜೊತೆಗೆ ನನ್ನನ್ನೂ ಕೊಟ್ಟಳು. "ಹಸ್ವಾದ್ರೆ ಅಗ್ದು ತಿನ್ನವ್ವ."

ಅಲ್ಲಿ ಹಾಡಿಯ ಮಾತಾಡಿದವರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು. ಅಕ್ಷರಕ್ಕಿಂತ ತೇಗದ ಕೆಲಸವೇ ಹೆಚ್ಚು. ಆ ದಿನ ಸಸಿ ನೆಡಲು ಸಾಲಾಗಿ ಗುಂಡಿ ತೋಡಲು ಹೇಳಿದರು. ಜಾಜಿ ತೋಡಿದಳು. ಒಂದೊಂದನ್ನೂ ಅಚ್ಚುಕಟ್ಟಾಗಿ ಮುಚ್ಚಿ, ಶಭಾಷ್ ಎನ್ನುತ್ತಾರೆಂದು ಮೇಷ್ಟ್ರ ಮುಖ ನೋಡಿದಳು. ಅವರು ನನ್ನನ್ನು ಕಿತ್ತುಕೊಂಡರು.

ಅಂದಿನಿಂದ ನಾನು ಶಾಲೆಯ ಮೂಲೆಯಲ್ಲಿದ್ದೆ. ಅಲ್ಲಿಂದ ಕದಲಿದರೆ ಸಾಕು, ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು. ಮೇಷ್ಟ್ರ ಕೈ ಹತ್ತಿರ ಬಂದಾಗಲೆಲ್ಲ ನನಗೂ ಒಂದೇ ಪ್ರಶ್ನೆ: ಈ ಸಲ ಯಾರು? ಅಜ್ಜಿ ಬರಲಿ, ನನ್ನನ್ನು ಒಯ್ಯಲಿ, ಇನ್ನೊಮ್ಮೆ ಮಣ್ಣು ಮುಟ್ಟಿದರೆ ಸಾಕು ಎಂದು ಕಾದೆ.

ಅಜ್ಜಿ ಬಂದಳು. ಜಾಜಿಯ ಅಂಗೈ ಬಿಡಿಸಿದಳು. ಬಾಸುಂಡೆಗಳ ಮೇಲೆ ಹೆಬ್ಬೆರಳಾಡಿಸಿದಳು. ಮೂಲೆಯಲ್ಲಿದ್ದ ನನ್ನತ್ತ ನೋಡಿದಳು.

"ಅಕ್ಸರ ಕಲ್ಸು ಅಂತ ಬುಟ್ಟಿದ್ದೆ ಸ್ವಾಮಿ. ಇದಾ ನೀ ಬರ್ದಿರಾದು?"

"ಏಟಿಲ್ಲದೆ ಇವಕ್ಕೆ ಹತ್ತಲ್ಲಮ್ಮ."

"ನಿಂಗೆ ಹಂಗೇ ಹತ್ತಿತ್ತಾ?"

ಅಜ್ಜಿ ಜಾಜಿಯ ಕೈ ಹಿಡಿದು ಬಾಗಿಲತ್ತ ತಿರುಗಿದಳು. ಮೇಷ್ಟ್ರ ದನಿ ಇಳಿಯಿತು. "ಹುಡುಗೀನ ಕರ್ಕೊಂಡು ಹೋಗಬೇಡ. ನಾಳೆ ದೊರೆ ಬಂದು ತಲೆ ಎಣಿಸ್ತಾರೆ. ಇಕೋ, ನಿನ್ನ ಕೋಲು. ಕಲ್ಲಿನಾಚೆ ಎಷ್ಟು ಬೇಕಾದ್ರೂ ಅಗ್ಕೋ, ಗಾರ್ಡಿಗೆ ನಾನು ಹೇಳ್ತೀನಿ."

ನನ್ನನ್ನು ಅವಳತ್ತ ಚಾಚಿದರು. ಅವಳ ಬೆರಳುಗಳ ಮಣ್ಣಿನ ವಾಸನೆ ನನಗೆ ತಗುಲಿತು. ಹಿಡಿದುಕೋ ಅಜ್ಜಿ.

ಬೊಳ್ಳಿ ಜಾಜಿಯ ಕೈ ಬಿಡಲಿಲ್ಲ.

"ನನ್ ಕೋಲಲ್ಲ ಇದು," ಎಂದಳು. "ಬ್ಯಾಡ."