ಮತೋಬಾ ಅವರ ಮೌನ

ಜಪಾನಿನ ಕುರೆ ಊರಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರು ಮನೆಗಳಲ್ಲಿ ಮೂರು ಜನ ಕಂಪ್ಯೂಟರ್ ಮುಂದೆ ಕೂತು ಒಂದೇ ಸಬ್‌ಮರೀನಿನಲ್ಲಿ ಮುಳುಗುತ್ತಿದ್ದರು. ಮುಳುಗುವುದಂತೂ ಖಾತ್ರಿ. ಏಳುವುದು ಮಾತ್ರ ಮತೋಬಾ ಅವರ ಬಾಯಿಗೆ ಬಿಟ್ಟದ್ದು. ಮೈಕಿನಲ್ಲಿ ಪಿಸುಮಾತಿಗಿಂತ ಜೋರಾಗಿ ಆಡಿದ್ದೆಲ್ಲ ಮೇಲಿನ ಶತ್ರುಹಡಗಿಗೆ ಕೇಳಿಸುತ್ತದೆ ಎಂಬುದು ಆ ಆಟದ ನಿಯಮ.

ತಂಡ ಕಟ್ಟಿದ ಹಿರಿಯರು ಮತೋಬಾ. ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದರೆ ಇವರದು ನಾಲಿಗೆಯಲ್ಲಿ. ಕೊಟ್ಟ ಆಜ್ಞೆಯನ್ನು ಗಟ್ಟಿಯಾಗಿ ತಿರುಗಿ ಹೇಳಿ, ಕೊನೆಗೆ "ಅಪ್ಪಣೆ!" ಎನ್ನಬೇಕು, ಅದು ಶಿಸ್ತು. ಹಾಗೆ ಹದಿನಾಲ್ಕು ಸಲ ಶಿಸ್ತಾಗಿ ಸತ್ತಿದ್ದರು.

ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವ ಚಿಗುಸಾ ಈ ಆಟದಲ್ಲಿ ಮೂರು ವರ್ಷದಿಂದ ನೀರಿನ ಸದ್ದು ಆಲಿಸುವ ಕೆಲಸದಲ್ಲೇ ಇದ್ದಳು. ಇವತ್ತು ಒಂದು ದಿನದ ಕ್ಯಾಪ್ಟನ್. ಹಡಗನ್ನು ಉಳಿಸಿ ತಂದರೆ ಪಟ್ಟ ಖಾಯಂ, ಇಲ್ಲದಿದ್ದರೆ ಮತ್ತೆ ಕೇಳಬಾರದು ಎಂದು ಮತೋಬಾ ಕರಾರು ಹಾಕಿದ್ದರು.

ಮೊದಲ ಬಾಂಬು ಬಿತ್ತು. ಪರದೆ ನಡುಗಿತು.

"ಎಲ್ರೂ ಸುಮ್ನಿರಿ. ನೂರೈವತ್ತು ಮೀಟರಿಗೆ ಇಳಿಸಿ," ಚಿಗುಸಾ ಪಿಸುಗುಟ್ಟಿದಳು.

"ಸುಮ್ನಿರೋದು! ನೂರೈವತ್ತಕ್ಕೆ ಇಳಿಸೋದು! ಅಪ್ಪಣೆ!" ಮತೋಬಾ ಗುಡುಗಿದರು.

ವಿಳಾಸ ತಿಳಿದ ಸಂತೋಷಕ್ಕೆ ಮೇಲಿನ ಹಡಗು ಇನ್ನೂ ಮೂರು ಬಾಂಬು ಕಳಿಸಿತು.

"ಮತೋಬಾ-ಸಾನ್, ದಯವಿಟ್ಟು ಮೆತ್ತಗೆ..."

"ನಂಗೇ ಹೇಳ್ಕೊಡ್ತೀಯೇನಮ್ಮಾ? ಬಾಂಬು ತಪ್ಪಿಸೋಕೆ ಐದು ಸೂತ್ರ ಇದೆ, ಕೇಳು. ಒಂದನೇದು, ಮೌನ!"

"ಕ್ಯಾಪ್ಟನ್ ಅಕ್ಕಾ, ಹಿಂದುಗಡೆ ನೀರು ನುಗ್ತಿದೆ," ಯಂತ್ರ ನೋಡಿಕೊಳ್ಳುವ ಹಿರಾಕಿ ಉಸುರಿದ. "ಎರಡನೇ ಸೂತ್ರ ಬಂದ್ರೆ ನಾವಿಲ್ಲ."

ಯಾರ ಮೈಕನ್ನಾದರೂ ಮುಚ್ಚುವ ಗುಂಡಿ ಕ್ಯಾಪ್ಟನ್ನಿಗಿತ್ತು. ಹಿರಿಯರ ಬಾಯಿ ಮುಚ್ಚಿಸುವುದಕ್ಕಿಂತ ಮುಳುಗಿ ಸಾಯುವುದೇ ಮರ್ಯಾದೆಯೆಂದು ಈವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ಚಿಗುಸಾ ಪರದೆಗೆ ತಲೆಬಾಗಿ, ಕ್ಷಮೆ ಕೇಳಿ, ಒತ್ತಿದಳು.

ಸಮುದ್ರ ತಣ್ಣಗಾಯಿತು. ಬಾಂಬು ಸಿಡಿದು ನೀರೆಲ್ಲ ಗದ್ದಲವೆದ್ದಾಗಷ್ಟೇ ವೇಗ ಏರಿಸಿ ಪಕ್ಕಕ್ಕೆ ತಿರುಗಿಸುವಳು. ಗದ್ದಲ ಅಡಗುವಷ್ಟರಲ್ಲಿ ಯಂತ್ರ ನಿಲ್ಲಿಸುವಳು. ಹೀಗೆ ಇಪ್ಪತ್ತು ನಿಮಿಷ. ಬಾಂಬುಗಳು ದೂರ ದೂರ ಬಿದ್ದವು. ಕೊನೆಗೆ ಮೇಲಿನ ಹಡಗು ಬೇಸತ್ತು ಹೊರಟುಹೋಯಿತು.

ಮೇಲಕ್ಕೆ ಬಂದು ಅಳುಕುತ್ತ ಮತೋಬಾ ಅವರ ಮೈಕ್ ತೆರೆದಳು.

"...ಐದನೇದು, ಹಿರಿಯರ ಮಾತು ಮೀರ್ಬಾರ್ದು!" ಮತೋಬಾ ಮುಗಿಸುತ್ತಿದ್ದರು. "ಶಭಾಷ್! ಇಷ್ಟು ಹೊತ್ತು ಒಬ್ರೂ ನನಗೆ ಅಡ್ಡ ಬಾಯಿ ಹಾಕ್ಲಿಲ್ಲ. ಹೇಳಿದ್ದನ್ನ ಹಾಗೇ ಪಾಲಿಸಿದ್ರಿ, ಅದಕ್ಕೇ ಬದುಕಿದ್ರಿ. ಇನ್ಮೇಲೆ ನೀನೇ ಕ್ಯಾಪ್ಟನ್ ಅಮ್ಮಾ."

ಹಿರಾಕಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನಿಜ ಹೇಳಿಬಿಡೋಣವೆಂದು ಚಿಗುಸಾ ಬಾಯಿ ತೆರೆದಳು. ಮೂರು ವರ್ಷ ಕಣ್ಣ ಮುಂದೆ ಹಾದುಹೋಯಿತು.

"ಎಲ್ಲಾ ನಿಮ್ಮ ದಯೆ," ಎಂದಳು.