ರಿಂಗ್ ಕೆಳಗಿನ ಶಿವಮಲ್ಲು

ಕುದೇರಿನ ಚಿಕ್ಕಬೀರಯ್ಯನ ಮಗ ಶಿವಮಲ್ಲು ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಆರಡಿ ಒಂಬತ್ತು ಇಂಚಿನ ಹುಡುಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬಸ್ಸಿನಲ್ಲಿ ನಿಂತರೆ ಕತ್ತು ವಾಲಿಸಿಕೊಂಡೇ ಚಾಮರಾಜನಗರ ತಲುಪಬೇಕು. ಕೂತರೆ, ಬೆನ್ನಿಗೆ ಮಂಡಿ ಒತ್ತುತ್ತಿದೆಯೆಂದು ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಾರೆ. ಅವನನ್ನು ಕಂಡವರೆಲ್ಲ, ಇವ್ನು ಮುಂದೆ ಏನೋ ಆಯ್ತಾನೆ ಕಣ, ಅನ್ನದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಏನಾಗುತ್ತಾನೆ ಅನ್ನುವುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಅದನ್ನು ಹೇಳುವ ಕೆಲಸ ಈಗ ಕುಮಾರಿಯ ತಲೆಗೆ ಬಂದಿತ್ತು.

ಕುಮಾರಿ ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಪೀಟಿ ಮೇಡಂ. ಒಂದು ಕಾಲಕ್ಕೆ ರಾಜ್ಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವಳು. ಈಗ ಬೆಳಿಗ್ಗೆ ಮಗಳ ಜಡೆ ಹೆಣೆದು ಡಬ್ಬಿ ಕಟ್ಟಿ, ಹಗಲೆಲ್ಲ ಸೀಟಿ ಊದಿ, ಸಂಜೆ ಮಕ್ಕಳನ್ನು ಓಡಿಸಿ, ಮನೆಗೆ ಬಂದು ಕುಕ್ಕರ್ ಕೂಗಿಸುವವಳು. ಶಿವಮಲ್ಲು ಎಂಟನೇ ಕ್ಲಾಸಿನಲ್ಲಿದ್ದಾಗ ಪ್ರಾರ್ಥನೆಯ ಸಾಲಿನಲ್ಲಿ ಮೇಷ್ಟ್ರುಗಳ ತಲೆಗಿಂತ ಮೇಲೆ ಅವನ ತಲೆ ಕಂಡು, ಕರೆದು ಚೆಂಡು ಕೊಟ್ಟವಳು ಅವಳೇ. ಹೋದ ವರ್ಷ ಬೆಂಗಳೂರಿನ ವೃತ್ತಿಪರ ತಂಡವೊಂದು ಅವನನ್ನು ಒಂದು ಸೀಸನ್ನಿಗೆ ಕರೆದುಕೊಂಡು ಹೋಗಿತ್ತು. ಅಲ್ಲಿ ಹುಡುಗ ಬಹುಪಾಲು ಬೆಂಚಿನ ಮೇಲೆ ಕೂತು, ಸೀಸನ್ ಮುಗಿಸಿಕೊಂಡು ಊರಿಗೆ ಬಂದಿದ್ದ.

ಆ ತಂಡದ ಮ್ಯಾನೇಜರ್ ಬಸವಪ್ರಸಾದ್, ಕುಮಾರಿ ಆಡುತ್ತಿದ್ದ ಕಾಲದಿಂದ ಪರಿಚಯದವನು. ಫೋನ್ ಮಾಡಿ ತನ್ನ ಸಂಕಟ ತೋಡಿಕೊಂಡ. ಶಿವಮಲ್ಲುವನ್ನು ಮೂರು ವರ್ಷಕ್ಕೆ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನವಾಗಬೇಕು. ಕೈ ಚಿನ್ನದಂಥವು ಎಂದು ಒಬ್ಬ ಕೋಚ್ ಹೇಳುತ್ತಾನೆ. ಮೈ ಇದೆ, ಕೆಚ್ಚಿಲ್ಲ, ರಿಂಗ್ ಕೆಳಗೆ ಜಾಗಕ್ಕೆ ಬಡಿದಾಡುವುದಿಲ್ಲ ಎಂದು ಇನ್ನೊಬ್ಬ ಹೇಳುತ್ತಾನೆ. ಇಬ್ಬರೂ ಒಪ್ಪುವುದು ಒಂದೇ ಮಾತನ್ನು. ಆಟದ ನಡುವೆ ಹುಡುಗ ಬಗ್ಗುತ್ತಾನೆ. ಚೆಂಡು ಮೇಲಿರುತ್ತದೆ, ಇವನು ಕೆಳಗೆ ಬಗ್ಗಿರುತ್ತಾನೆ. ಲೇಸ್ ಬಿಚ್ಚಿಕೊಳ್ಳುತ್ತಿರಬೇಕು ಅಂದುಕೊಂಡು ಶೂ ಬದಲಾಯಿಸಿದರು. ಸೊಂಟದ ತೊಂದರೆಯಿರಬೇಕು ಅಂದುಕೊಂಡು ಸ್ಕ್ಯಾನ್ ಮಾಡಿಸಿದರು. ಏನೂ ಸಿಗಲಿಲ್ಲ. ಅವನನ್ನೇ ಕೇಳಿದರೆ, ಏನಿಲ್ಲ ಸರ್, ಅನ್ನುತ್ತಾನೆ.

"ನೀನು ಒಂದ್ಸಲ ನೋಡು ಕುಮಾರಿ," ಎಂದ ಬಸವಪ್ರಸಾದ್. "ಭಾನುವಾರ ಸಂಜೆಯೊಳಗೆ ಆಗ್ತಾನೋ ಇಲ್ವೋ ಹೇಳ್ಬಿಡು. ನೀನು ಹೇಳಿದ ಹಾಗೆ."

ಇಷ್ಟೇ ಆಗಿದ್ದರೆ ಕುಮಾರಿಗೆ ಅಷ್ಟು ಭಾರವಾಗುತ್ತಿರಲಿಲ್ಲ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಚಿಕ್ಕಬೀರಯ್ಯ ಗೇಟಿನ ಹತ್ತಿರ ಬಂದು ನಿಂತಿದ್ದ. ಮಗನಿಗೆ ಬಂಡೀಪುರದ ಕಾಡಿನಲ್ಲಿ ವಾಚರ್ ಕೆಲಸ ಸಿಕ್ಕಿದೆ, ಸೋಮವಾರವೇ ಹೋಗಿ ಸೇರಿಕೊಳ್ಳಬೇಕು, ಹೋಗದಿದ್ದರೆ ಬೇರೆಯವರ ಪಾಲು. ಎರಡು ದೋಣಿ ಮೇಲೆ ಕಾಲಿಡುವ ಹಾಗಿಲ್ಲ. ಮೇಡಂ ಏನು ಹೇಳುತ್ತಾರೋ ಅದೇ ಆಗಲಿ ಎಂದು ಮನೆಯಲ್ಲಿ ಮಾತಾಡಿಕೊಂಡಿದ್ದೇವೆ ಅಂದ. ದನ ಕಟ್ಟಿ ಬದುಕಿದ ಮನುಷ್ಯ, ಸುತ್ತಮುತ್ತಲ ಊರಿನವರು ಎತ್ತಿನ ಜೋಡಿ ತರುವ ಮುಂಚೆ ಇವನನ್ನು ಕರೆದುಕೊಂಡು ಹೋಗುತ್ತಾರೆ.

"ಕರ ಆಗಿದ್ರೆ ನಾನೇ ಯೋಳ್ಬುಡ್ತಿದ್ದೆ ಮೇಡಂ," ಅಂದ. "ಗೊರಸು ನೋಡ್ತೀನಿ, ಸುಳಿ ನೋಡ್ತೀನಿ, ನಡ್ಗೆ ನೋಡ್ತೀನಿ. ಮನ್ಸನ ಕರಕ್ಕೆ ಎಲ್ಲಿ ನೋಡದು, ನೀವೇ ಯೋಳಿ."

ಎಲ್ಲಿ ನೋಡಬೇಕೆಂದು ಕುಮಾರಿಗೂ ತಿಳಿದಿರಲಿಲ್ಲ.

ಭಾನುವಾರ ಮಧ್ಯಾಹ್ನ ಗುಂಡ್ಲುಪೇಟೆಯ ಸಿಮೆಂಟು ಕೋರ್ಟಿನಲ್ಲಿ ಶಿವಮಲ್ಲುವನ್ನು ಅಲ್ಲಿನ ಹುಡುಗರ ತಂಡಕ್ಕೆ ಸೇರಿಸಿ ಒಂದು ಪಂದ್ಯ ಗೊತ್ತು ಮಾಡಿಸಿದಳು. ಕಾಡಿನಾಚೆ ಕೇರಳದ ಸುಲ್ತಾನ್ ಬತ್ತೇರಿಯಿಂದ ಒಂದು ತಂಡ ಆಗಾಗ ಬಂದು ಗುಂಡ್ಲುಪೇಟೆ ಹುಡುಗರೊಂದಿಗೆ ಆಡಿ ಹೋಗುತ್ತಿತ್ತು. ರಾತ್ರಿ ಕಾಡಿನ ಗೇಟು ಹಾಕುವ ಮುಂಚೆ ಅವರು ವಾಪಸ್ಸು ದಾಟಬೇಕಾದ್ದರಿಂದ ಊಟ ಮುಗಿದ ಕೂಡಲೇ ಆಟ. ಅವರಲ್ಲಿ ಜೋಬಿ ಎಂಬ, ರಿಂಗ್ ಕೆಳಗೇ ಆಡುವ ಸೆಂಟರ್ ಆಟಗಾರನಿದ್ದ. ಶಿವಮಲ್ಲುವಿಗಿಂತ ಗೇಣು ಗಿಡ್ಡ, ಆದರೆ ಒರಳುಕಲ್ಲಿನಂಥ ಮೈ. ಕುಮಾರಿಗೆ ಬೇಕಿದ್ದವನು ಅವನೇ. ಇಂಥವನು ಮೈಮೇಲೆ ಬಿದ್ದಾಗ ಹುಡುಗ ಏನು ಮಾಡುತ್ತಾನೆ ನೋಡೋಣ ಎಂದು ರಿಂಗ್ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕೂತಳು. ಮೆಟ್ಟಿಲ ಮೇಲೆ ಚಿಕ್ಕಬೀರಯ್ಯ ಟವಲು ಹಾಸಿಕೊಂಡು ಕೂತ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಜೋಬಿ ಬೆನ್ನು ಕೊಟ್ಟು ತಳ್ಳತೊಡಗಿದ. ಯಾರೋ ಎಸೆದ ಚೆಂಡು ರಿಂಗಿಗೆ ಬಡಿದು ಮೇಲೆ ಹಾರಿತು. ಶಿವಮಲ್ಲು ಕೈ ಚಾಚಿದ್ದರೆ ಸಾಕಿತ್ತು. ಅವನು ಬಗ್ಗಿದ.

ಬೆಂಗಳೂರಿನವರು ದೂರದಿಂದ ಕಂಡಿದ್ದನ್ನು ಕುಮಾರಿ ಹತ್ತಿರದಿಂದ ಕಂಡಳು. ಶಿವಮಲ್ಲುವಿನ ಕಾಲು ಜೋಬಿಯ ಕಾಲಿಗೆ ತಾಕಿತ್ತು. ಹುಡುಗ ಬಗ್ಗಿ ಜೋಬಿಯ ಮಂಡಿ ಮುಟ್ಟಿ, ಆ ಬೆರಳುಗಳನ್ನು ತನ್ನ ಕಣ್ಣಿಗೊತ್ತಿಕೊಂಡ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಚೆಂಡು ಇನ್ನೊಬ್ಬನ ಕೈಯಲ್ಲಿತ್ತು.

ಅವಳಿಗೆ ನಗು ಬಂತು. ಆಮೇಲೆ ನಗು ನಿಂತುಹೋಯಿತು. ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಯಾರ ಮನೆಯಲ್ಲಿಲ್ಲ? ಆ ದಿನ ಬೆಳಿಗ್ಗೆ ಬಸ್ಸಿನ ನೂಕಾಟದಲ್ಲಿ ಒಬ್ಬ ಅಜ್ಜಿಗೆ ಕಾಲು ತಾಕಿ ತಾನೂ ಹಾಗೇ ಮಾಡಿದ್ದಳು. ಶಾಲೆಯಲ್ಲಿ ಆಡುವಾಗ ಇದು ಕಾಣಲಿಲ್ಲ ಯಾಕೆಂದರೆ ಅಲ್ಲಿ ಇವನ ಹತ್ತಿರಕ್ಕೆ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರ ತಲೆಯ ಮೇಲಿಂದಲೇ ಚೆಂಡು ಎತ್ತಿಕೊಳ್ಳುತ್ತಿದ್ದ. ಅರ್ಧ ಆಟ ಮುಗಿಯುವಷ್ಟರಲ್ಲಿ ಇನ್ನೂ ನಾಲ್ಕೈದು ಸಲ ಬಗ್ಗಿದ. ಪ್ರತಿ ಸಲವೂ ಜೋಬಿ ತನ್ನ ಮಂಡಿಗೆ ಏನೋ ಅಂಟಿದೆಯೆಂದು ನೋಡಿಕೊಂಡ.

ಬಿಡುವಿನಲ್ಲಿ ಹುಡುಗನನ್ನು ಕರೆದು ಕೇಳಿದಳು.

"ಕಾಲು ತಾಕ್ತು ಮೇಡಂ," ಅಂದ.

"ಆಟ ಅಂದ್ಮೇಲೆ ತಾಕುತ್ತೆ ಕಣೋ."

"ತಾಕ್ತದೆ. ತಾಕುದ್ರೆ ಮುಟ್ಬೇಕಲ್ವಾ?"

"ಬೆಂಗಳೂರಲ್ಲಿ ಯಾಕೆ ಹೇಳ್ಲಿಲ್ಲ ಇದನ್ನ?"

"ಅವ್ರು ಕೇಳುದ್ದು ಸೊಂಟ ನೋಯ್ತದಾ ಅಂತ. ನೋಯ್ತಿರ್ನಿಲ್ಲ."

ಕುಮಾರಿ ನೀರು ಕುಡಿದಳು. ಬೇಡ ಅಂದರೆ ಬಿಡುವಂಥದ್ದಲ್ಲ ಇದು, ನಡೆಯಲು ಕಲಿಯುವುದರ ಜೊತೆಗೇ ಕಲಿತದ್ದು. ಆಗ ಅವಳಿಗೆ ಏನು ಹೊಳೆಯಿತೋ, ಎದುರಿನವರೆಲ್ಲರನ್ನೂ ಆಟಕ್ಕೆ ಮುಂಚೆಯೇ ಮುಟ್ಟಿ ಕಣ್ಣಿಗೊತ್ತಿಕೊಂಡು ಬಿಡು ಅಂದಳು. ಇನ್ನು ತಾಕುವುದಕ್ಕೆಲ್ಲ ಸೇರಿಸಿ ಒಂದೇ ಸಲ. ಶಿವಮಲ್ಲು ಕೋರ್ಟು ಕಚೇರಿಯ ವಿಷಯದ ಹಾಗೆ ಯೋಚಿಸಿದ. ಹಂಗೆ ಮಾಡಿದರೆ ನಡೆಯುತ್ತದಾ ಎಂದು ಕೇಳಿದ. ನಡೆಯುತ್ತದೆ ಅಂದಳು. ಹಾಗೆ ಹೇಳುವ ಅಧಿಕಾರ ತನಗೆ ಯಾರು ಕೊಟ್ಟರೆಂದು ಅವಳಿಗೇ ತಿಳಿಯಲಿಲ್ಲ. ಹುಡುಗನಿಗೆ ಪೂರ್ತಿ ನಂಬಿಕೆ ಬರದೆ ಮೆಟ್ಟಿಲ ಕಡೆ ನೋಡಿದ.

"ಮಾಡ್ಬೋದು ಕಣ್ಲಾ," ಎಂದು ಚಿಕ್ಕಬೀರಯ್ಯ ಅಲ್ಲಿಂದಲೇ ಪಂಚಾಯ್ತಿ ಮುಗಿಸಿದ. "ಹರ್ಕೆ ಮುಂಚ್ಲೇ ಕಟ್ಕಳಲ್ವಾ? ಅಂಗೇಯ."

ಶಿವಮಲ್ಲು ಬತ್ತೇರಿಯವರ ಕಡೆ ಹೋಗಿ ಒಬ್ಬೊಬ್ಬರ ಮುಂದೆಯೂ ಕೂತು ಪಾದ ಮುಟ್ಟುತ್ತ ಬಂದ. ಮೊದಲನೆಯವನು ಹಾರಿ ಹಿಂದಕ್ಕೆ ಹೋದ. ಅವರವರಲ್ಲೇ ಮಲಯಾಳದಲ್ಲಿ ಗುಸುಗುಸು ನಡೆಯಿತು. ಜೋಬಿ ಮಾತ್ರ ಗಂಭೀರವಾಗಿ ಎರಡೂ ಕೈಯನ್ನು ಶಿವಮಲ್ಲುವಿನ ತಲೆಯ ಮೇಲಿಟ್ಟು, ಬೇಗ ಮದುವೆಯಾಗಲಿ ಎಂದು ಹರಕು ಕನ್ನಡದಲ್ಲಿ ಹರಸಿದ. ಕೋರ್ಟೆಲ್ಲ ನಗೆಯಾಯಿತು.

ಆಮೇಲೆ ಹುಡುಗ ಬಗ್ಗಲಿಲ್ಲ. ರಿಂಗಿಗೆ ಬಡಿದು ಬಂದ ಮೊದಲ ಚೆಂಡನ್ನು ಹಲಸಿನಹಣ್ಣು ಕೀಳುವ ಹಾಗೆ ಎರಡು ಕೈಯಲ್ಲಿ ಕಿತ್ತುಕೊಂಡ. ಇನ್ನೊಂದನ್ನೂ ಕಿತ್ತ. ಆ ಭರದಲ್ಲಿ ಮೊಣಕೈ ಬೀಸಿ ತನ್ನ ಕಡೆಯವನನ್ನೇ ಕೆಡವಿದ. ಬೆನ್ನುಬೆನ್ನಿಗೆ ಎರಡು ಫೌಲ್ ಆದವು. ಚಿಕ್ಕಬೀರಯ್ಯ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ, ಫೌಲ್‌ಗೂ ತಟ್ಟಿದ. ಕುಮಾರಿಗೆ ಎದೆ ಹಗುರವಾಯಿತು. ಇಷ್ಟೇ ತಾನೇ, ಹೇಳಿಬಿಡಬಹುದು ಅಂದುಕೊಂಡಳು.

ಅಷ್ಟರಲ್ಲಿ ಜೋಬಿ ರಿಂಗಿಗೆ ಬೆನ್ನು ಮಾಡಿ ಚೆಂಡು ಹಿಡಿದು, ಎಡಕ್ಕೆ ತಿರುಗಿ ಒಳಗೆ ಹಾಕಿದ. ಶಿವಮಲ್ಲು ಲೈಟ್ ಕಂಬದ ಹಾಗೆ ಕೈ ಮೇಲೆತ್ತಿಕೊಂಡು ನಿಂತಿದ್ದ, ಒಂದು ಹೆಜ್ಜೆ ಇಡಲಿಲ್ಲ. ಮತ್ತೆ ಅದೇ ತಿರುವು, ಮತ್ತೆ ಇವನು ಕಂಬ. ಕೆಚ್ಚಿಲ್ಲ ಅಂದ ಕೋಚ್ ಹೇಳಿದ್ದೇ ಸರಿಯೇನೋ ಅನಿಸಿತು ಕುಮಾರಿಗೆ. ಮೂರನೇ ಸಲ ಜೋಬಿ ತಿರುಗುವಷ್ಟರಲ್ಲಿ ಶಿವಮಲ್ಲು ಆ ಜಾಗದಲ್ಲಿ ಆಗಲೇ ನಿಂತಿದ್ದ. ಜೋಬಿ ಅವನ ಎದೆಗೆ ಬಂದು ಆತುಕೊಂಡ, ಚೆಂಡು ಕೈ ಜಾರಿತು. ಯಾರೂ ಯಾರನ್ನೂ ತಳ್ಳಿರಲಿಲ್ಲ. ಇಂಥದ್ದನ್ನು ಕಲಿಸಲು ಅವಳು ಎಷ್ಟೋ ಮಕ್ಕಳ ಜೊತೆ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದಳು. ಇವನಿಗೆ ಅದನ್ನು ಹೇಳಿಕೊಟ್ಟೇ ಇರಲಿಲ್ಲ.

ಅದು ಒಂದೇ ಸಲ. ಇನ್ನೊಂದು ಸಲ ನೋಡುವಷ್ಟರಲ್ಲಿ ಆಟ ಮುಗಿಯಿತು. ಗುಂಡ್ಲುಪೇಟೆಯವರು ಮೂರು ಅಂಕದಲ್ಲಿ ಸೋತರು. ಆ ಎರಡು ಸಲ ಬಿಡದಿದ್ದರೆ ಗೆಲ್ಲುತ್ತಿದ್ದರು.

ಬತ್ತೇರಿಯವರು ವ್ಯಾನ್ ಹತ್ತುತ್ತಿದ್ದರು. ಜೋಬಿ ಬಲಗಾಲು ಎಳೆದುಕೊಂಡು ನಡೆಯುವುದನ್ನು ಕುಮಾರಿ ಆಗ ಗಮನಿಸಿದಳು. ಶಿವಮಲ್ಲು ಪಕ್ಕದಲ್ಲಿ ಬಂದು ನಿಂತ. ಮೂರನೇ ಸಲ ಅವನು ಎಡಕ್ಕೇ ತಿರುಗುತ್ತಾನೆಂದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ಅದೃಷ್ಟ ಎಂದು ಅವನು ಹೇಳಿದ್ದರೂ ನಂಬುತ್ತಿದ್ದಳು.

"ಮೊದ್ಲಿಂದ್ಲೂ ಗೊತ್ತಿತ್ತು ಮೇಡಂ. ಪಾದ ಮುಟ್ಟಕ್ಕೆ ಓದಾಗ ನೋಡ್ದೆ, ಬಲಗಾಲು ಊದ್ಕಂಡಿತ್ತು. ಕಾಲುಚೀಲದೊಳಗೆ ಪಟ್ಟಿ ಸುತ್ತವ್ನೆ. ಅದ್ರ ಮೇಲೆ ಭಾರ ಬುಡಕಾಯ್ತಿರ್ನಿಲ್ಲ. ಬಲಕ್ಕೆ ಎಂಗೆ ಓದಾನು?"

"ಗೊತ್ತಿದ್ದೂ ಎರಡು ಸಲ ಬಿಟ್ಯಾ?"

ಹುಡುಗ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ. "ತಡೀಬೇಕು ಅಂದ್ರೆ ತಳ್ಬೇಕು. ತಳ್ಳುದ್ರೆ ಆ ಕಾಲ ಮೇಲೇ ಬೀಳ್ತಿದ್ದ. ಮನ್ಸು ಬರ್ನಿಲ್ಲ. ತಳ್ದೆ ಎಂಗೆ ತಡೆಯದು ಅಂತ ಯೋಚ್ನೆ ಮಾಡ್ತಿದ್ದೆ. ಮೂರ್ನೇ ಸಲುಕ್ಕೆ ಒಳೀತು. ಮೊದ್ಲೇ ಓಗಿ ನಿಂತ್ಕಂಡೆ."

ಕುಮಾರಿಗೆ ಇದ್ದ ಗೊಂದಲ ಈಗ ಎರಡರಷ್ಟಾಯಿತು. ಬಗ್ಗುವುದು ಕಾಯಿಲೆಯಲ್ಲ ಎಂದು ತಿಳಿಯಿತಲ್ಲ ಅಂದುಕೊಳ್ಳುವಷ್ಟರಲ್ಲಿ ಇದು. ಬೇರೆಯವರಿಗೆ ಕಾಣದ್ದು ಇವನ ಕಣ್ಣಿಗೆ ಬೀಳುತ್ತದೆ. ಬಿದ್ದದ್ದನ್ನು ಬಳಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಒಪ್ಪದಿದ್ದರೂ ಸುಮ್ಮನೆ ಇರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಇದಕ್ಕೆ ಮೆದು ಅನ್ನುವುದೋ ಗಟ್ಟಿ ಅನ್ನುವುದೋ? ಬೆಂಗಳೂರಿನ ಆಟದಲ್ಲಿ ಮೂರನೇ ಸಲದ ತನಕ ಯಾರು ಕಾಯುತ್ತಾರೆ? ಅಲ್ಲಿ ಕಾಯದವರ ನಡುವೆ ಇವನು ಬೇಗ ಕಲಿಯುತ್ತಾನೋ, ಕಲಿಯುವ ಹೊತ್ತಿಗೆ ಈ ಮನಸ್ಸೇ ಸವೆದು ಹೋಗುತ್ತದೋ? ಹಾಗೆ ಸವೆದರೆ ಆ ಕಣ್ಣೂ ಹೋಗುತ್ತದೋ? ಅವಳಿಗೆ ಗೊತ್ತಿದ್ದ ಲೆಕ್ಕಾಚಾರ ಯಾವುದೂ ಈ ಹುಡುಗನಿಗೆ ಕೂಡಿ ಬರಲಿಲ್ಲ.

ಫೋನ್ ಬಂತು. ಬಗ್ಗುವ ವಿಷಯ ಹೇಳಿದಾಗ ಬಸವಪ್ರಸಾದ್ ಮೊದಲು ಜೋರಾಗಿ ನಕ್ಕ, ಆಮೇಲೆ ನಾಚಿಕೊಂಡ. ಜೋಬಿಯ ಕಾಲಿನ ವಿಷಯವನ್ನೂ ಅವಳು ಮುಚ್ಚಿಡಲಿಲ್ಲ, ಆ ಎರಡು ಸಲ ಬಿಟ್ಟದ್ದರಿಂದ ಆಟ ಸೋತದ್ದನ್ನೂ ಹೇಳಿದಳು.

"ಹಾಗಾದ್ರೆ ಆಗ್ತಾನಾ ಇಲ್ವಾ?" ಅಂದ.

"ಗೊತ್ತಾಗ್ತಿಲ್ಲ ಪ್ರಸಾದ್."

"ಇದನ್ನ ತಗೊಂಡು ಹೋಗಿ ನಾನು ಮಾಲೀಕರಿಗೆ ಏನಂತ ಹೇಳ್ಲಿ?"

"ಅದನ್ನೇ ಹೇಳು. ಇಷ್ಟು ವರ್ಷದಲ್ಲಿ ನಾನು ಎಷ್ಟು ಮಕ್ಕಳನ್ನ ನೋಡಿದೀನಿ, ಹತ್ತು ನಿಮಿಷಕ್ಕೆಲ್ಲ ಇವನು ಇಷ್ಟೇ ಅಂತ ಗೊತ್ತಾಗ್ಬಿಡುತ್ತೆ. ಇವನದು ಗೊತ್ತಾಗ್ತಿಲ್ಲ. ಗೊತ್ತಾಗೋವರೆಗೂ ಇಟ್ಕೋ."

ಮೂರು ವರ್ಷ ಆಗುವುದಿಲ್ಲ, ಇನ್ನೊಂದು ಸೀಸನ್ ನೋಡೋಣ, ಅದೂ ನಿನ್ನ ಮಾತಿನ ಮೇಲೆ ಎಂದು ಬಸವಪ್ರಸಾದ್ ಫೋನ್ ಇಟ್ಟ.

ಚಿಕ್ಕಬೀರಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನ ಮುಖ ಇಳಿಯಿತು.

"ಒಂದ್ ವರ್ಸ್ದ ಆಟುಕ್ಕೆ ಕಾಡು ಬುಡದಾ ಮೇಡಂ? ಆಯ್ತಾನೆ ಅಂತ ಒಂದ್ ಮಾತು ಯೋಳ್ಬುಡಿ, ಬುಡ್ತೀನಿ."

ಆ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಮೂವರಿಗೂ ಆ ಸಂಜೆ ಸುಲಭವಾಗುತ್ತಿತ್ತು.

"ಹೇಳಿದ್ರೆ ಸುಳ್ಳಾಗುತ್ತೆ ಚಿಕ್ಕಬೀರಯ್ಯ. ನನ್ನ ಮಗಳು ಆಗಿದ್ರೆ ಕಳಿಸ್ತಿದ್ದೆ. ಅಷ್ಟೇ ಹೇಳ್ಬಲ್ಲೆ."

ಇಬ್ಬರೂ ಶಿವಮಲ್ಲುವಿನ ಕಡೆ ತಲೆಯೆತ್ತಿ ನೋಡಿದರು. ಅವನಿಗೆ ಇವರ ಮಾತಿಗಿಂತ ಆ ತಿರುವಿನದೇ ಧ್ಯಾನವಿದ್ದ ಹಾಗಿತ್ತು.

"ಬೆಂಗ್ಳೂರ್ಗೆ ಓಯ್ತೀನಿ ಅಪ್ಪ," ಅಂದ. ಆಮೇಲೆ ಕುಮಾರಿಗೆ ಸಮಾಧಾನ ಹೇಳುವವನ ಹಾಗೆ, "ಮುಂದಿನ್ ಸಲ ಒಂದೇ ಸಲ ಬುಡ್ತೀನಿ ಮೇಡಂ. ಎರಡ್ನೇ ಸಲುಕ್ಕೇ ಓಗಿ ನಿಂತ್ಕತೀನಿ."

ಕುಮಾರಿಗೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ನಾಳೆ ಬೆಳಿಗ್ಗೆ ಸ್ಕೂಲ್ ಗ್ರೌಂಡಿಗೆ ಬಾ ಅಂದಳು ಅವನಿಗೆ. ಬಂಡೀಪುರಕ್ಕೆ ಯಾರಾದರೂ ಹೋಗಿ, ಇವನು ಬರುವುದಿಲ್ಲ ಎಂದು ತಿಳಿಸಬೇಕಲ್ಲ ಎಂದು ಅವನಪ್ಪನ ಮುಖ ನೋಡಿದಳು.

ಚಿಕ್ಕಬೀರಯ್ಯ ಮಗನ ಪಾದವನ್ನೊಮ್ಮೆ, ಮಂಡಿಯನ್ನೊಮ್ಮೆ, ನಿಂತ ನಿಲುವನ್ನೊಮ್ಮೆ ನೋಡಿದ. ಹೋಗಿ ತಿಳಿಸಿ ಬರಲು ಬೆಳಿಗ್ಗೆ ಬಂಡೀಪುರದ ಕಡೆಗೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ.